ಸ್ಟಾರ್ಟರ್ ಮೇಲಿನ ಟವಲ್

"ನಿಮ್ಮ ನಂಬರ್ ತೆಗೀರಿ!"

ಪಂಪ್‌ಹೌಸಿನ ಗೋಡೆಗೆ ಪೆಟ್ಟಿಗೆ ಕೂರಿಸುತ್ತಿದ್ದವನು ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡೇ ತಿರುಗಿ ನೋಡಿದ. ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಹೆಗಲಿಗೆ ಬ್ಯಾಗು, ಕೈಯಲ್ಲಿ ಮೊಬೈಲು, ಕಣ್ಣಲ್ಲಿ ಜಗಳ.

"ಏನಂದ್ರಿ?"

"ಈ ಪೆಟ್ಟಿಗೆಯಿಂದ ನಂಗೆ ಮೆಸೇಜ್ ಬಂದಿದೆ. ಮೂರು ನಂಬರ್ ಸೇರಿಸಿದೀರ. ಒಂದು ನಂದು, ಒಂದು ಮನೆ ಫೋನಿಂದು. ಮೂರನೇದು ಯಾರದ್ದು?"

"ನಂದೇ ಮೇಡಂ. ಟೆಸ್ಟ್ ಮಾಡೋಕೆ..."

"ಟೆಸ್ಟ್ ಆಯ್ತಲ್ಲ? ನಮ್ಮ ಬಾವಿ ಮೋಟಾರು ನಿಮ್ಮ ಜೇಬಲ್ಲಿ ಯಾಕಿರ್ಬೇಕು?"

ಬಾವಿಯ ಮೆಟ್ಟಿಲು ಹತ್ತಿ ಬರುತ್ತಿದ್ದ ಚಿಕ್ಕರಂಗಯ್ಯ ಮೊಣಕಾಲು ಹಿಡಿದುಕೊಂಡೇ ನಕ್ಕರು. "ತೆಗ್ದುಬುಡಪ್ಪ ಶಿವಮೂರ್ತಿ. ಕ್ಯಾತ್ಸಂದ್ರದ ಶಿಶುವಿಹಾರದಲ್ಲಿ ಟೀಚರ್ರು ನನ್ ಮಗಳು ತ್ರಿವೇಣಿ. ತುಂಟ ಮಕ್ಳೇ ಹೆದರ್ತವೆ, ನೀನ್ಯಾವ ಲೆಕ್ಕ?"

ಶಿವಮೂರ್ತಿ ತನ್ನ ಫೋನಿನಲ್ಲಿ ಏನೋ ಒತ್ತಿದ. ತ್ರಿವೇಣಿಯ ಕೈಯಲ್ಲಿದ್ದ ಮೊಬೈಲು ಟಿಣ್ ಎಂದಿತು. ಈಗ ಎರಡೇ ನಂಬರು.

"ನೋಡ್ಕೊಳಿ. ಇನ್ಮೇಲೆ ನಾನು ಎಷ್ಟ್ ಬಡ್ಕೊಂಡ್ರೂ ನಿಮ್ಮ ಮೋಟಾರು ಓಡಲ್ಲ."

"ಮತ್ತೆ ಹಾಕಲ್ಲ ಅಂತ ಮಾತು ಕೊಡಿ."

"ಕೊಟ್ಟೆ."

ಹಾಗೆ ಹೇಳುವಾಗ ಅವನು ನಗಲಿಲ್ಲ. ಅದೇ ಅವಳಿಗೆ ಯಾಕೋ ಹಿಡಿಸಿತು.

ಅದು ಎರಡು ಸಾವಿರದ ಏಳನೇ ಇಸವಿ. ಗುಬ್ಬಿಯ ಸುತ್ತಮುತ್ತ ಮೊಬೈಲ್ ಸ್ಟಾರ್ಟರ್ ಎಂಬ ಪೆಟ್ಟಿಗೆಯನ್ನು ಆಗ ತಾನೇ ಜನ ನೋಡುತ್ತಿದ್ದರು. ಅದರೊಳಗೆ ಒಂದು ಸಿಮ್ಮು. ಅದಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೋಟಾರು ಓಡುತ್ತದೆ, ಇನ್ನೊಂದು ಕೊಟ್ಟರೆ ನಿಲ್ಲುತ್ತದೆ. ಮೋಟಾರಿಗೆ ಬೇಕಾದ ಮೂರು ಫೇಸ್ ಕರೆಂಟು ಬರುವ ಹೊತ್ತಿಗೆ ಒಂದು ಗೊತ್ತುಗುರಿ ಇರಲಿಲ್ಲ. ಕರೆಂಟು ಬಂದಾಗಲೆಲ್ಲ ಚಿಕ್ಕರಂಗಯ್ಯ ಕೆಟ್ಟ ಮೊಣಕಾಲು ಎಳೆದುಕೊಂಡು ತೋಟಕ್ಕೆ ನಡೆಯುವುದನ್ನು ನೋಡಲಾಗದೆ ತ್ರಿವೇಣಿಯೇ ಹಟ ಹಿಡಿದು ಇದನ್ನು ಹಾಕಿಸಿದ್ದಳು.

ಊರಿಗೆ ಮಾತ್ರ ನಂಬಿಕೆ ಇರಲಿಲ್ಲ.

"ಏನ್ಲಾ ಚಿಕ್ಕರಂಗ, ಮುಟ್ದೇನೇ ಓಡ್ತದಾ?" ಎಂದು ಪಕ್ಕದ ತೋಟದ ಬೀರಯ್ಯ ದೂರದಲ್ಲೇ ನಿಂತು ಕೇಳಿದ. "ನನ್ ಮೋಟಾರು ಬಯ್ದು ಒದ್ರೂ ಓಡಲ್ಲ ಕಣ್ಲಾ!"

"ನಿನ್ ಮಾತ್ ಯಾರ್ ಕೇಳ್ತಾರ್ಲಾ? ನಿನ್ ಹೆಂಡ್ತೀನೇ ಕೇಳಲ್ಲ."

ಎಲ್ಲರೂ ನಕ್ಕರು. ತ್ರಿವೇಣಿಯ ತಾಯಿ ಲಕ್ಷ್ಮೀದೇವಮ್ಮ ಮಾತ್ರ ನಗಲಿಲ್ಲ. "ಮುಂದ್ಗಡೆ ಯಾರವ್ರೆ ಅಂತ ಕಾಣ್ದೇ ಗುಂಡಿ ಒತ್ತದಾ? ನಂಗ್ ಬ್ಯಾಡವ್ವ ಈ ಸಾವಾಸ."

ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊರಡುವ ಮುಂಚೆ ಶಿವಮೂರ್ತಿ ಪೆಟ್ಟಿಗೆಗೆ ಕೊನೆಯ ಸ್ಕ್ರೂ ಹಾಕಲು ಹೋದಾಗ ಹಳೇ ಸ್ಟಾರ್ಟರ್ ಮೇಲೆ ಹೊದಿಸಿದ್ದ ಕೆಂಪು ಅಂಚಿನ ಟವಲು ಅಡ್ಡ ಬಂತು. ತೆಗೆದು ಮಡಚಿಟ್ಟ.

"ನಾನ್ ಬಾವಿಯಿಂದ ಮೇಲ್ ಬಂದಿದ್ದಕ್ಕೆ ಸರಿ ಹೋಯ್ತು," ಎಂದರು ಚಿಕ್ಕರಂಗಯ್ಯ. "ಟವಲ್ ಇದ್ರೆ ಬಾವಿಯೊಳಗೆ ಆಳು ಅವ್ನೆ ಅಂತ ಲೆಕ್ಕ. ಯಾರೂ ಸ್ಟಾರ್ಟರ್ ಮುಟ್ಟಂಗಿಲ್ಲ."

"ಗೊತ್ತು ಯಜಮಾನ್ರೆ. ಕುಣಿಗಲ್ ಕಡೆ ನಮ್ಮಪ್ಪನೂ ಹಂಗೇ ಮಾಡ್ತಿದ್ರು."

ಚಿಕ್ಕರಂಗಯ್ಯನವರಿಗೆ ಗೊತ್ತಿತ್ತು. ಶಿವಮೂರ್ತಿಗೂ ಗೊತ್ತಿತ್ತು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೋಡೆಯ ಮೇಲಿದ್ದ ಆ ಪೆಟ್ಟಿಗೆಗೆ ಮಾತ್ರ ಗೊತ್ತಿರಲಿಲ್ಲ.

* * *

ಶಿವಮೂರ್ತಿಗೆ ಗುಬ್ಬಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ತ್ರಿವೇಣಿ ದಿನವೂ ರೈಲು ಹತ್ತುತ್ತಿದ್ದುದೂ ಗುಬ್ಬಿಯಲ್ಲೇ. ಮೊದಮೊದಲು ಪೆಟ್ಟಿಗೆಯ ತಕರಾರು ಹೇಳಲು ಅಂಗಡಿಗೆ ಹೋದಳು. ಆಮೇಲೆ ತಕರಾರು ಇಲ್ಲದಿದ್ದರೂ ಹೋದಳು.

"ಇವತ್ತೇನು ಕೆಟ್ಟಿದೆ?"

"ಏನೂ ಇಲ್ಲ. ಚೆನ್ನಾಗ್ ಓಡ್ತಿದೆ ಅಂತ ಹೇಳಿ ಹೋಗೋಣ ಅಂತ..."

"ಅದಕ್ಕೋಸ್ಕರ ಬಿಸಿಲಲ್ಲಿ ಬಂದ್ರಾ?"

"ಬರ್ಬಾರ್ದಾ?"

ಅವನು ಸುತ್ತುತ್ತಿದ್ದ ತಾಮ್ರದ ತಂತಿ ಲೆಕ್ಕ ತಪ್ಪಿತು.

ಆಮೇಲೆ ಅವರಿಬ್ಬರ ನಡುವೆ ಒಂದು ರೂಢಿ ಶುರುವಾಯಿತು. ರೈಲು ಹೊರಟಾಗ ಅವಳದ್ದು ಒಂದೇ ರಿಂಗು: ಸೀಟು ಸಿಕ್ಕಿತು. ತಿರುಗಿ ಅವನದ್ದು ಒಂದೇ ರಿಂಗು: ಸರಿ, ಹುಷಾರು. ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಅದರ ಸೊಗಸೇ ಹೋಗುತ್ತದೆ ಎನಿಸುತ್ತಿತ್ತು ಅವಳಿಗೆ.

'ನಾನು ಹೆಚ್ಚು ಆಸೆ ಪಡ್ತಿದೀನಾ? ಅಪ್ಪ ಒಪ್ತಾರಾ?' ಎಂದು ಒಮ್ಮೊಮ್ಮೆ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

"ದೀಪಾವಳಿ ಕಳೀಲಿ," ಎಂದಿದ್ದ ಅವನು. "ನಾನೇ ಬಂದು ಯಜಮಾನ್ರ ಹತ್ರ ಮಾತಾಡ್ತೀನಿ."

ಮನೆಯಲ್ಲಿ ತ್ರಿವೇಣಿಗೆ ಇನ್ನೊಂದು ಹಟವಿತ್ತು. ಮನೆಯ ಫೋನು ಅಡುಗೆಮನೆಯ ಕಿಟಕಿಯಲ್ಲಿರುತ್ತಿತ್ತು, ಸಿಗ್ನಲ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ. ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಅವ್ವನಿಗಾದರೂ ಕಲಿಸಬೇಕೆಂದು ಒಂದು ಭಾನುವಾರ ಕೈ ಹಿಡಿದು ಕೂರಿಸಿಕೊಂಡಳು.

"ಇದನ್ನ ಒತ್ತು. ಈಗ ಹಸಿರು ಒತ್ತು. ರಿಂಗ್ ಆಗಿ ತಾನೇ ಕಟ್ ಆಗ್ತದೆ. ಅಷ್ಟೇ ಅವ್ವ!"

"ಕಟ್ ಆದ್ರೆ ಕೆಟ್ಟೋಯ್ತು ಅಂತ ತಾನೆ?"

"ಅಲ್ಲ. ಕಟ್ ಆದ್ರೆ ಮೋಟಾರು ಓಡ್ತು ಅಂತ."

ಲಕ್ಷ್ಮೀದೇವಮ್ಮ ಕಣ್ಣು ಮುಚ್ಚಿಕೊಂಡು ಒತ್ತಿದಳು. ದೂರದಲ್ಲಿ ಮೋಟಾರು ಗುಂಯ್ ಎಂದಿತು. ಬೆರಳು ಸುಟ್ಟವಳಂತೆ ಕೈ ಎಳೆದುಕೊಂಡವಳು ಸೆರಗು ಬಾಯಿಗಿಟ್ಟು ಚಿಕ್ಕ ಹುಡುಗಿಯ ಹಾಗೆ ನಕ್ಕಳು. "ಸಾಕು ಬುಡವ್ವ. ಇದು ನಿಮ್ಗೇ ಇರ್ಲಿ."

ತ್ರಿವೇಣಿಗೆ ತಿಳಿದಂತೆ ಅವ್ವ ಆ ಗುಂಡಿ ಒತ್ತಿದ್ದು ಅದೊಂದೇ ಸಲ.

* * *

ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇತ್ತು.

ತರಗತಿಯಲ್ಲಿ ತ್ರಿವೇಣಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದಾಗ ಫೋನು ರಿಂಗಾಯಿತು. ಶಿವಮೂರ್ತಿ! ಈ ಹೊತ್ತಲ್ಲದ ಹೊತ್ತಲ್ಲಿ ಯಾಕೆ? ಮುಗುಳ್ನಕ್ಕು ಅದು ನಿಲ್ಲಲೆಂದು ಕಾದಳು.

ನಿಲ್ಲಲಿಲ್ಲ. ಒಂದೇ ರಿಂಗಿಗೆ ನಿಲ್ಲಬೇಕಾಗಿದ್ದ ಫೋನು ಬಡಿದುಕೊಳ್ಳುತ್ತಲೇ ಇತ್ತು...

"ತ್ರಿವೇಣಿ, ಮನೆಗೆ ಬನ್ನಿ. ಬೇಗ ಬನ್ನಿ."

"ಏನಾಯ್ತು? ಹೇಳಿ! ಏನಾಯ್ತು?"

ಆ ಕಡೆ ಫೋನು ಕಟ್ಟಾಯಿತು.

ತೋಟದಲ್ಲಿ ಊರೇ ಸೇರಿತ್ತು. ಬಾವಿಯ ಕಟ್ಟೆಯ ಪಕ್ಕ ಚಾಪೆಯ ಮೇಲೆ ಅಪ್ಪ. ನೀರು ಸಣ್ಣಗೆ ಬರುತ್ತಿದೆಯೆಂದು ಬಾವಿಗಿಳಿದಿದ್ದರು. ಸೊಂಟದ ಮಟ್ಟ ನೀರಲ್ಲಿ ನಿಂತು, ಕೊಳವೆ ತುದಿಯ ಫುಟ್‌ವಾಲ್ವಿನ ಕಸ ಬಿಡಿಸುತ್ತಿದ್ದಾಗ ಮೇಲೆ ಮೋಟಾರು ತಾನಾಗಿ ಓಡಿತು. ಹಳೇ ವೈರಿನ ಜಾಯಿಂಟು ಎಲ್ಲೋ ಬಿಟ್ಟಿತ್ತು. ಕೊಳವೆಗೆ ಕರೆಂಟು ಹರಿಯಿತು. ಕೊಳವೆ ಹಿಡಿದ ಕೈ ಬಿಡಲೇ ಇಲ್ಲ.

ಫ್ಯೂಸ್ ಕಿತ್ತಿಟ್ಟು ಇಳಿಯುವ ಅಭ್ಯಾಸ ಅವರಿಗಿರಲಿಲ್ಲ. ಟವಲೇ ಸಾಕಾಗಿತ್ತು, ಒಂದು ಜೀವಮಾನ ಪೂರ್ತಿ.

ತ್ರಿವೇಣಿ ಪಂಪ್‌ಹೌಸಿನ ಬಾಗಿಲಲ್ಲಿ ನಿಂತಳು. ಸ್ಟಾರ್ಟರ್ ಮೇಲೆ ಕೆಂಪು ಅಂಚಿನ ಟವಲು. ನೀಟಾಗಿ, ಎರಡೂ ಕಡೆ ಸಮನಾಗಿ ಇಳಿಬಿಟ್ಟು ಹಾಕಿದ್ದರು. ಮುಟ್ಟಬೇಡಿ, ಒಳಗೆ ನಾನಿದ್ದೇನೆ ಎಂದು ಅದು ಇನ್ನೂ ಹೇಳುತ್ತಲೇ ಇತ್ತು.

"ಯಾವನ್ಲಾ ಫೋನ್ ಮಾಡ್ದೋನು?" ಬೀರಯ್ಯ ಕೂಗಿದ. "ಮಗಳು ಸ್ಕೂಲಲ್ಲವ್ಳೆ, ಲಕ್ಷ್ಮೀದೇವಕ್ಕ ಫೋನ್ ಮುಟ್ಟಲ್ಲ. ಮತ್ತೆ ಯಾವನು?"

"ನಾನು," ಎಂದ ಶಿವಮೂರ್ತಿ.

ತ್ರಿವೇಣಿಗೆ ಅರ್ಥವಾಗಲಿಲ್ಲ. "ನಿಮ್ಮ ನಂಬರ್ ತೆಗೆದಿದ್ರಲ್ಲ... ನನ್ನೆದುರೇ ತೆಗೆದಿದ್ರಲ್ಲ?"

"ನಿಮ್ಗೆ ಮೆಸೇಜ್ ಬರ್ದಂಗೆ ಮತ್ತೆ ಹಾಕಿದ್ದೆ. ಅಂಗಡಿಯಿಂದ ಟೆಸ್ಟ್ ಕಾಲ್ ಮಾಡ್ದೆ."

"ಮಾತು ಕೊಟ್ಟಿದ್ರಿ!"

ಅವನು ತಲೆ ಎತ್ತಲಿಲ್ಲ. "ತಪ್ಪಾಯ್ತು."

ಆಮೇಲೆ ಜನ ಅವನ ಮೇಲೆ ಬಿದ್ದರು. ಯಾರೋ ತೆಂಗಿನ ಗರಿಯ ಮಟ್ಟೆಯಿಂದ ಹೊಡೆದರು, ಯಾರೋ ಕೈ ತುಳಿದರು. ತ್ರಿವೇಣಿ ಬಿಡಿಸಲಿಲ್ಲ. ನೋಡುತ್ತಾ ನಿಂತಳು. ಇನ್ನೂ ಹೊಡೆಯಲಿ ಎನಿಸಿತು. ಹಾಗೆನಿಸಿತಲ್ಲ ಎಂಬುದು ಎಷ್ಟೋ ದಿನ ಅವಳನ್ನು ಮಲಗಗೊಡಲಿಲ್ಲ.

ಲಕ್ಷ್ಮೀದೇವಮ್ಮ ಗಂಡನ ಪಾದದ ಹತ್ತಿರ ಕೂತಿದ್ದಳು. ಅಳುತ್ತಿರಲಿಲ್ಲ. ತನ್ನ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೊಡೆತ ತಿನ್ನುತ್ತಿದ್ದವನನ್ನೇ ನೋಡುತ್ತಿದ್ದಳು.

ಪೊಲೀಸರು ಬಂದು, ಹಳೇ ವೈರಿನ ಜಾಯಿಂಟಿನಿಂದ ಆದ ಸಾವು ಎಂದು ಬರೆದುಕೊಂಡು ಹೋದರು. ಊರಿಗೆ ಮಾತ್ರ ಸಾವು ತಂದವನು ಶಿವಮೂರ್ತಿಯೇ. ಅವನು ಅಂಗಡಿ ಮುಚ್ಚಿ ಕುಣಿಗಲ್‌ಗೆ ಹೊರಟುಹೋದ.

* * *

ಎರಡು ವರ್ಷ ಕಳೆಯಿತು.

ಊರಲ್ಲಿ ಇನ್ನಿಬ್ಬರು ಹಾಕಿಸಿದ್ದ ಪೆಟ್ಟಿಗೆಗಳನ್ನೂ ಜನ ಕಿತ್ತೆಸೆದಿದ್ದರು. ಕರೆಂಟು ಬಂದಾಗ ಮತ್ತೆ ಎಲ್ಲರೂ ತೋಟಕ್ಕೆ ಓಡತೊಡಗಿದರು. ತ್ರಿವೇಣಿ ಕ್ಯಾತ್ಸಂದ್ರದಲ್ಲಿರುವಾಗ ಬಂದ ಕರೆಂಟು ಯಾರಿಗೂ ದಕ್ಕದೆ ಹೋಗುತ್ತಿತ್ತು. ಅವರ ತೆಂಗಿನ ಗರಿಗಳು ತುದಿಯಿಂದ ಹಳದಿಗೆ ತಿರುಗಿದವು. ಎಳೆಗಾಯಿಯ ಹರಳು ಉದುರಿದವು.

ಅವ್ವ ದಿನೇ ದಿನೇ ಸಣ್ಣಗಾಗುತ್ತಿದ್ದಳು. ಫೋನು ಎಲ್ಲಿ ರಿಂಗಾದರೂ ಕೈಲಿದ್ದ ಪಾತ್ರೆ ಬಿಟ್ಟುಬಿಡುತ್ತಿದ್ದಳು. ಕಿಟಕಿಯ ಫೋನನ್ನು ಹಳೇ ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದಳು.

ಗುಬ್ಬಿಯಿಂದ ರೈಲು ಹೊರಟಾಗ ತ್ರಿವೇಣಿಯ ಹೆಬ್ಬೆರಳು ಇಂದಿಗೂ ತಾನಾಗಿ ಫೋನಿನ ಮೇಲೆ ಹೋಗುತ್ತಿತ್ತು. ನಂಬರ್ ಅಳಿಸಿದ್ದಳು. ಆದರೆ ಬೆರಳಿಗೆ ಅದು ಬಾಯಿಪಾಠ ಆಗಿಹೋಗಿತ್ತು.

'ಥೂ, ಇನ್ನೂ ಅವನಾ? ಅಪ್ಪನ್ನ ಕೊಂದವನಾ?'

ಒಂದು ಭಾನುವಾರ ಬೀರಯ್ಯ ಬೇಲಿಯ ಆಚೆಯಿಂದ ಕರೆದ. "ಲಕ್ಷ್ಮೀದೇವಕ್ಕ, ತ್ರಿವೇಣಿ... ಬಯ್ಯಲ್ಲ ಅಂದ್ರೆ ಒಂದ್ ತೋರಿಸ್ತೀನಿ."

ಅವನ ಪಂಪ್‌ಹೌಸಿನ ಗೋಡೆಯಲ್ಲಿ ಅದೇ ಥರದ ಪೆಟ್ಟಿಗೆ ಇತ್ತು! ತ್ರಿವೇಣಿಯ ಮೈ ಉರಿಯಿತು.

"ನಿಮ್ಗೂ ಬುದ್ಧಿ ಇಲ್ವಾ ಬೀರಣ್ಣ? ಅಷ್ಟೆಲ್ಲ ಆದ್ಮೇಲೂ?"

"ಪೂರ್ತಿ ನೋಡವ್ವ. ಆಮೇಲ್ ಉಗಿ."

ಸ್ಟಾರ್ಟರಿನ ಪಕ್ಕ ಒಂದು ಕಬ್ಬಿಣದ ಕೊಕ್ಕೆ ಇತ್ತು. ಬೀರಯ್ಯ ಹೆಗಲ ಟವಲು ತೆಗೆದು ಅದಕ್ಕೆ ನೇತುಹಾಕಿದ. ಆ ಭಾರಕ್ಕೇ ಕೊಕ್ಕೆ ಸ್ವಲ್ಪ ಕೆಳಗಿಳಿದು ಟಕ್ ಎಂದಿತು.

"ಈಗ ಲೈನ್ ಕಟ್ಟಾಯ್ತು." ಅವನು ತನ್ನ ಫೋನಿನಿಂದ ಕರೆ ಮಾಡಿದ. ಪೆಟ್ಟಿಗೆಯ ದೀಪ ಮಿನುಗಿತು. ಮೋಟಾರು ಓಡಲಿಲ್ಲ. ಇನ್ನೊಮ್ಮೆ ಮಾಡಿದ. ಓಡಲಿಲ್ಲ. ಟವಲು ತೆಗೆದ, ಕೊಕ್ಕೆ ಮೇಲೆದ್ದಿತು. ಕರೆ ಮಾಡಿದ. ಮೋಟಾರು ಗುಂಯ್ ಎಂದಿತು.

"ಟವಲ್ ಇರೋಗಂಟ ದೇಶದ್ ದೊರೆ ಫೋನ್ ಮಾಡಿದ್ರೂ ಓಡಲ್ಲ. ಕುಣಿಗಲ್‌ನಲ್ಲಿ ಆ ಹುಡುಗ ಮಾಡವ್ನೆ, ಶಿವಮೂರ್ತಿ. ಕೊಕ್ಕೆ ಇಲ್ದೇ ಯಾರ್ಗೂ ಪೆಟ್ಟಿಗೆ ಹಾಕಲ್ವಂತೆ. ಅವತ್ತು ಅವನ ಕೈ ತುಳ್ದೋನು ನಾನೇ ಕಣವ್ವ. ಅಂಗಡಿಗೆ ಹೋದ್ರೆ ಕೂರಿಸಿ ಟೀ ತರ್ಸಿದ."

ಹಿಂದೆ ಏನೋ ಕುಸಿದ ಸದ್ದಾಯಿತು. ಲಕ್ಷ್ಮೀದೇವಮ್ಮ ನೆಲದ ಮೇಲೆ ಕೂತುಬಿಟ್ಟಿದ್ದಳು. ಕಣ್ಣು ಕೊಕ್ಕೆಯ ಮೇಲೆ.

"ಅವ್ವ!"

"ಅವನಲ್ಲ ಕಣೇ," ಎಂದಳು ಲಕ್ಷ್ಮೀದೇವಮ್ಮ. "ಆ ಮಗ ಅಲ್ಲ. ನಾನು."

"ಏನವ್ವ ಹೇಳ್ತಿದೀಯ?"

"ಅಡುಗೆಮನೆ ಬಲ್ಬು ಜೋರಾಗ್ ಉರೀತು. ಮೂರು ಫೇಸ್ ಬಂತು ಅನ್ಕೊಂಡೆ. ನಿಮ್ಮಪ್ಪ ತೋಟಕ್ಕೆ ಹೋಗಿದ್ರು, ಬಾವಿಗಿಳಿದವ್ರೆ ಅಂತ ನಂಗೇನ್ ಗೊತ್ತು? ಆ ಕಾಲಲ್ಲಿ ಪಂಪ್‌ಹೌಸ್ ಮೆಟ್ಲು ಯಾಕ್ ಹತ್ಬೇಕು, ನಾನೇ ಓಡಿಸ್ತೀನಿ... ಸಾಯಂಕಾಲ ಬಂದಾಗ 'ಯಾರ್ ಓಡ್ಸಿದ್ದು ಹೇಳಿ ನೋಡೋಣ' ಅಂತ ಕೇಳ್ಬೇಕು ಅನ್ಕೊಂಡೆ ಕಣೇ..."

ಅವಳ ಬಲಗೈ ಮತ್ತೆ ಸೆರಗಿನೊಳಗೆ ಹೋಯಿತು.

"ನೀನ್ ಹೇಳ್ಕೊಟ್ಟಂಗೇ ಒತ್ತಿದೆ. ಕಟ್ ಆಯ್ತು. ಓಡ್ತು ಅಂತ ಖುಷಿಪಟ್ಟೆ."

ಬೀರಯ್ಯ ಮುಖ ತಿರುಗಿಸಿ ನಿಂತ. ತ್ರಿವೇಣಿ ಅವ್ವನ ಎದುರು ಕೂತಳು.

"ಮತ್ತೆ... ಅವ್ರು ಯಾಕೆ ನಾನೇ ಅಂದ್ರು?"

"ಸುದ್ದಿ ಕೇಳಿ ಆ ಹುಡುಗ ಓಡೋಡ್ ಬಂದ. ಕಿಟಕಿ ಫೋನ್ ತಗೊಂಡ್ ನೋಡ್ದ. ಏನೋ ಅಳಿಸ್ದ. ನನ್ ಮುಂದೆ ಕೂತ್ಕೊಂಡು, 'ಅಮ್ಮ, ನೀವು ಏನೂ ಒತ್ತಿಲ್ಲ. ತಿಳೀತಾ? ನೀವು ಏನೂ ಒತ್ತಿಲ್ಲ' ಅಂದ. ನಾನ್ ಸುಮ್ನಾಗ್ಬುಟ್ಟೆ. ಊರೋರು ಹೊಡೀತಾವ್ರೆ, ನಾನ್ ಸುಮ್ನೆ ಕೂತಿದೀನಿ! ನೀನು ನನ್ ಮುಖ ನೋಡಲ್ಲ ಅಂತ ಹೆದರ್ಕೊಂಡೆ ಕಣೇ ತ್ರಿವೇಣಿ..."

ಅವ್ವನ ಮುಖ ನೋಡಲು ತ್ರಿವೇಣಿಗೆ ತುಂಬ ಹೊತ್ತು ಬೇಕಾಯಿತು. ಕಲಿಸಿದವಳು ತಾನೇ. ಕೈ ಹಿಡಿದು ಕೂರಿಸಿ, ಬೆರಳು ಹಿಡಿದು ಕಲಿಸಿದವಳು. ಅವ್ವನನ್ನು ಬಯ್ಯಲು ಬಾಯಿ ತೆರೆದರೆ ಮೊದಲ ಬೈಗುಳ ತನಗೇ ಬೀಳುತ್ತಿತ್ತು.

ಅವಳು ಸೆರಗಿನೊಳಗೆ ಕೈ ಹಾಕಿ ಅವ್ವನ ಬಲಗೈಯನ್ನು ಹೊರಗೆಳೆದಳು. ಬಿಡದೆ ಹಿಡಿದುಕೊಂಡಳು.

* * *

ಕುಣಿಗಲ್ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಂಗಡಿ. ಅವನು ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದ. ಬಲಗೈಯ ಎರಡು ಬೆರಳು ಸೊಟ್ಟಗೆ ಕೂಡಿಕೊಂಡಿದ್ದವು.

"ಏನ್ ಕೆಟ್ಟಿದೆ?" ಎಂದು ಕೇಳುತ್ತಾ ತಲೆ ಎತ್ತಿದವನು ಹಾಗೇ ನಿಂತುಬಿಟ್ಟ.

"ಎಲ್ಲ ಕೆಟ್ಟಿದೆ," ಎಂದಳು ತ್ರಿವೇಣಿ.

ಅವಳ ಮುಖ ನೋಡಿದೊಡನೆ ಅವನಿಗೆ ತಿಳಿಯಿತು. "ಅಮ್ಮ ಹೇಳಿಬಿಟ್ರಾ?"

"ಎರಡು ವರ್ಷ ನಿಮಗೆ ಶಾಪ ಹಾಕಿದೀನಿ. ನೀವು ಸಾಯ್ಬೇಕು ಅಂತ ಬೇಡ್ಕೊಂಡಿದೀನಿ... ಒಂದು ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನಾನು ಹೇಳಿ ಬಸ್ ಹತ್ತಿ ಹೋಗ್ತಿದ್ದೆ. ನೀವು ಅದೇ ಮನೇಲಿ, ಅದೇ ಅಮ್ಮನ ಕೈಯಿಂದ ಊಟ ಮಾಡ್ಬೇಕಿತ್ತು."

"ದೊಡ್ಡ ಮನುಷ್ಯರಾಗೋಕೆ ಹೋದ್ರಾ?" ಅವಳು ಮೇಜಿನ ಹತ್ತಿರ ಬಂದಳು. "ಅವ್ವ ಎರಡು ವರ್ಷ ಒಬ್ಳೇ ಬೆಂದಿದಾಳೆ. ನಿಮ್ಮ ಸುಳ್ಳು ಅವಳನ್ನ ಉಳಿಸಲಿಲ್ಲ. ಅಳೋಕೂ ಬಿಡಲಿಲ್ಲ!"

ಅವನು ಸ್ಟೂಲಿನ ಮೇಲೆ ಕುಸಿದ. ಅದನ್ನು ಅವನು ಯೋಚಿಸಿರಲಿಲ್ಲ ಎಂದು ಅವಳಿಗೆ ಕಾಣಿಸಿತು.

"ನಾನು ದೊಡ್ಡ ಮನುಷ್ಯ ಅಲ್ಲ ತ್ರಿವೇಣಿ," ಎಂದ ನಿಧಾನವಾಗಿ. "ಆ ಟವಲನ್ನ ನನ್ನ ಕೈಯಾರೆ ಮಡಚಿಟ್ಟೋನು ನಾನು. ಅದು ಯಾತಕ್ಕೆ ಅಂತ ಗೊತ್ತಿತ್ತು. ಪೆಟ್ಟಿಗೆಗೆ ಅದು ಕಾಣಲ್ಲ ಅಂತ ಹೊಳೀಲೇ ಇಲ್ಲ. ಕಾಲ್ ಮಾಡಿದ್ದು ನಾನು ಅಂದಿದ್ದು ಸುಳ್ಳು. ತಪ್ಪಾಯ್ತು ಅಂದಿದ್ದು ಸುಳ್ಳಲ್ಲ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಇಬ್ಬರೂ ಅತ್ತರು. ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಹೋಗಲಿಲ್ಲ.

ಕೊನೆಗೆ ಅವಳು ಬ್ಯಾಗಿನಿಂದ ಮಡಚಿದ ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಕೆಂಪು ಅಂಚಿನ ಟವಲು.

"ಅವ್ವ ಕಳಿಸಿದಾಳೆ. ಈ ಭಾರಕ್ಕೆ ಕೊಕ್ಕೆ ಇಳೀತದಾ ನೋಡ್ಬೇಕಂತೆ. ಇಳಿದ್ರೆ ನಮ್ಮ ತೋಟಕ್ಕೂ ಬಂದು ಹಾಕ್ಬೇಕಂತೆ."

ಅವನು ಸೊಟ್ಟ ಬೆರಳುಗಳಿಂದ ಟವಲು ಮುಟ್ಟಿದ. "ಇಳೀತದೆ. ಇಂಥದ್ದನ್ನೇ ಲೆಕ್ಕಕ್ಕಿಟ್ಟು ಮಾಡಿದ್ದು."

* * *

ಪೆಟ್ಟಿಗೆ ಕೂರಿಸಿದ ದಿನ ತೋಟಕ್ಕೆ ಊರು ಸೇರಲಿಲ್ಲ. ಬೀರಯ್ಯ ಒಬ್ಬನೇ ಬಂದು ಬಾವಿಯ ಕಟ್ಟೆಯ ಹತ್ತಿರ ಸುಮ್ಮನೆ ನಿಂತಿದ್ದ. ಈ ಸಲ ವೈರು ಪೂರ್ತಿ ಹೊಸದು.

ಲಕ್ಷ್ಮೀದೇವಮ್ಮ ಗಂಡನ ಟವಲನ್ನು ಎರಡೂ ಕಡೆ ಸಮನಾಗಿ ಇಳಿಬಿಟ್ಟು ಕೊಕ್ಕೆಗೆ ಹಾಕಿದಳು. ಟಕ್ ಎಂದಿತು. ಅಟ್ಟದಿಂದ ಇಳಿಸಿದ ಹಳೇ ಫೋನು ಅವಳ ಕೈಯಲ್ಲಿತ್ತು.

"ಬೇಡ ಅಮ್ಮ, ನಾನ್ ಮಾಡ್ತೀನಿ," ಎಂದ ಶಿವಮೂರ್ತಿ.

"ಇಲ್ಲ ಮಗ. ನಾನೇ ಒತ್ಬೇಕು."

ಒತ್ತಿದಳು. ಮೋಟಾರು ಓಡಲಿಲ್ಲ. ಮತ್ತೆ ಒತ್ತಿದಳು. ಓಡಲಿಲ್ಲ. ಮತ್ತೆ, ಮತ್ತೆ... ಒತ್ತುತ್ತಲೇ ಇದ್ದಳು. ಪ್ರತಿ ಸಲವೂ ಬಾವಿಯೊಳಗೆ ನೀರು ಅಲುಗದೆ ಉಳಿಯಿತು.

"ಅವತ್ತು ಇದಿದ್ದಿದ್ರೆ..." ಎಂದಳು. ಎರಡು ವರ್ಷದಿಂದ ಒಳಗೇ ಇದ್ದ ಅಳು ಹೊರಬಿತ್ತು. ತ್ರಿವೇಣಿ ಅವಳನ್ನು ತಬ್ಬಿಕೊಂಡು ಕಟ್ಟೆಯ ಮೇಲೆ ಕೂತಳು. ಬೀರಯ್ಯ ಕಣ್ಣೊರೆಸಿಕೊಂಡು, ನೀರು ತರುವ ನೆಪದಲ್ಲಿ ದೂರ ಹೋದ.

ಎಷ್ಟೋ ಹೊತ್ತಿನ ಮೇಲೆ ಲಕ್ಷ್ಮೀದೇವಮ್ಮ ತಾನೇ ಎದ್ದು ಟವಲು ತೆಗೆದು ಹೆಗಲಿಗೆ ಹಾಕಿಕೊಂಡಳು. ಬಾವಿಯೊಳಗೆ ಬಗ್ಗಿ ನೋಡಿದಳು. "ಯಾರೂ ಇಲ್ಲ ತಾನೇ?" ಎಂದು ಕೂಗಿದಳು. ತಾನೇ ಮತ್ತೊಮ್ಮೆ ನೋಡಿಕೊಂಡಳು. ಆಮೇಲೆ ಒತ್ತಿದಳು.

ನೀರು ಬಂತು. ಒಣಗಿದ ಪಾತಿಯ ಕಡೆಗೆ ಅದು ಹರಿಯುವುದನ್ನು ನೋಡುತ್ತಾ ಅವಳು ಮರಗಳ ನಡುವೆ ಒಬ್ಬಳೇ ನಡೆದಳು.

ಪಂಪ್‌ಹೌಸಿನಲ್ಲಿ ಇಬ್ಬರೇ ಉಳಿದರು. ಶಿವಮೂರ್ತಿ ಫೋನಿನಲ್ಲಿ ಮೆಸೇಜು ಒತ್ತುತ್ತಿದ್ದ.

"ಎರಡು ನಂಬರ್ ಸೇರಿಸಿದೀನಿ. ನಿಮ್ದೊಂದು, ಮನೇದೊಂದು. ಸರಿ ಇದೆಯಾ ನೋಡಿ."

ತ್ರಿವೇಣಿಯ ಮೊಬೈಲು ಟಿಣ್ ಎಂದಿತು. ಅವಳು ನೋಡಿದಳು.

"ಸರಿ ಇಲ್ಲ."

"ಯಾಕೆ?"

"ಮೂರನೇದು ಎಲ್ಲಿ?"

ಅವನ ಬೆರಳು ನಿಂತಿತು. "ಅದನ್ನ ತೆಗೀರಿ ಅಂತ ಜಗಳ ಆಡಿದ್ರಿ..."

"ಈಗ ಹಾಕಿ ಅಂತ ಜಗಳ ಆಡ್ತಿದೀನಿ."

"ತ್ರಿವೇಣಿ, ಊರೋರು..."

"ನಾಳೆ ಅವ್ವಾನೇ ಊರೋರಿಗೆ ಹೇಳ್ತಾಳಂತೆ. ನಾನು ಪಕ್ಕದಲ್ಲಿ ನಿಂತಿರ್ತೀನಿ. ನೀವೂ ಇರ್ಬೇಕು." ಅವಳು ಅವನ ಸೊಟ್ಟ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡಳು. "ನಂಬರ್ ಹಾಕಿ. ಇನ್ಯಾವತ್ತೂ ತೆಗೆಯಲ್ಲ ಅಂತ ಮಾತು ಕೊಡಿ."

ಅವನು ಅವಳನ್ನೇ ನೋಡಿದ. ಈಗಲೂ ನಗಲಿಲ್ಲ.

"ಕೊಟ್ಟೆ," ಎಂದ.